ನೆಲ್ಲಿ ಬ್ಲೈ ನಟನೆ ನಿಲ್ಲಿಸಿದ ಗಳಿಗೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವರದಿಗಾರ್ತಿ ನೆಲ್ಲಿ ಬ್ಲೈ ಎಂದೊಡನೆ ಎಪ್ಪತ್ತೆರಡು ದಿನದಲ್ಲಿ ಭೂಮಿ ಸುತ್ತಿ ಬಂದವಳು ಎನ್ನುವವರೇ ಹೆಚ್ಚು. 1889ರ ನವೆಂಬರ್ 14ರಂದು ಒಂದು ಕೈಚೀಲ ಹಿಡಿದು ಹೊರಟು, 1890ರ ಜನವರಿ 25ಕ್ಕೆ ಮರಳಿದಳು, ನಿಜ. ಆದರೆ ಅದು ಪತ್ರಿಕೆಯ ಮಾರಾಟ ಹೆಚ್ಚಿಸುವ ಓಟ. ವರದಿಗಾರಿಕೆಯ ಕಸುಬು ಕಾಣಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಹುಟ್ಟಿದ್ದು 1864ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಮನೆಯವರಿಟ್ಟ ಹೆಸರು ಎಲಿಜಬೆತ್. ಹೆಂಗಸರ ಜಾಗ ಮನೆಯೊಳಗೆ ಎಂದು ಬರೆದ ‘ಪಿಟ್ಸ್‌ಬರ್ಗ್ ಡಿಸ್ಪ್ಯಾಚ್’ ಪತ್ರಿಕೆಗೆ 1885ರಲ್ಲಿ ಸಿಟ್ಟಿನಿಂದ ಪತ್ರ ಬರೆದಳು. ಸಂಪಾದಕ ಕರೆದು ಕೆಲಸವನ್ನೇ ಕೊಟ್ಟ. ಕಾರ್ಖಾನೆಯ ಹೆಣ್ಣಾಳುಗಳ ಪಾಡು ಬರೆಯುತ್ತಿದ್ದವಳನ್ನು ಆಮೇಲೆ ಹೂದೋಟ, ಉಡುಗೆತೊಡುಗೆಯ ಪುಟಕ್ಕೆ ತಳ್ಳಿದರು. ಬೇಸತ್ತು ನ್ಯೂಯಾರ್ಕಿಗೆ ಬಂದಳು.

1887ರಲ್ಲಿ ‘ವರ್ಲ್ಡ್’ ಪತ್ರಿಕೆ ಕೊಟ್ಟ ಕೆಲಸ: ನ್ಯೂಯಾರ್ಕಿನದೇ ಆದ ಬ್ಲ್ಯಾಕ್‌ವೆಲ್ಸ್ ದ್ವೀಪದ ಹೆಂಗಸರ ಹುಚ್ಚಾಸ್ಪತ್ರೆಯನ್ನು ಒಳಗಿನಿಂದ ನೋಡಿ ಬರೆಯುವುದು. ಹೊರಗೆ ತರುವುದು ಹೇಗೆಂಬುದು ಸಂಪಾದಕನಿಗೂ ಗೊತ್ತಿರಲಿಲ್ಲ. ತಂದೇ ತರುತ್ತೇವೆ ಎಂಬ ಮಾತಷ್ಟೇ ಆಸರೆ. ಕನ್ನಡಿ ಮುಂದೆ ಕಣ್ಣು ಪಿಳುಕಿಸದೆ ದಿಟ್ಟಿಸುವುದನ್ನು ಅಭ್ಯಾಸ ಮಾಡಿದಳು. ಬಡ ಹೆಂಗಸರ ವಸತಿಗೃಹವೊಂದಕ್ಕೆ ಸೇರಿ, ರಾತ್ರಿಯಿಡೀ ಮಲಗದೆ ಕೂತಳು. ಜೊತೆಯವರು ಹೆದರಿದರು, ಬೆಳಗಾದ ಮೇಲೆ ಪೊಲೀಸರು ಬಂದರು. ಅಲ್ಲಿಂದ ನ್ಯಾಯಾಲಯ, ಬೆಲ್‌ವ್ಯೂ ಆಸ್ಪತ್ರೆ, ಕೊನೆಗೆ ದ್ವೀಪ. ವೈದ್ಯರು ಒಬ್ಬರ ಹಿಂದೆ ಒಬ್ಬರು ಹುಚ್ಚಿ ಎಂದು ಬರೆದುಕೊಟ್ಟರು.

ಈ ಕೆಲಸದ ಜೀವಾಳ ಇಲ್ಲಿದೆ. ದ್ವೀಪದ ವಾರ್ಡಿಗೆ ಕಾಲಿಟ್ಟ ಗಳಿಗೆಯಿಂದ ಆಕೆ ನಟನೆ ಬಿಟ್ಟಳು. ಎಂದಿನಂತೆ ಮಾತಾಡಿದಳು, ಎಂದಿನಂತೆ ನಡೆದುಕೊಂಡಳು. ನಟನೆ ಮುಂದುವರಿಸಿದ್ದರೆ, ಹುಚ್ಚಿಯಂತೆ ಆಡಿದ್ದಕ್ಕೆ ಹಾಗೆ ನೋಡಿಕೊಂಡೆವು ಎಂದು ಆಸ್ಪತ್ರೆಯವರು ಜಾರಿಕೊಳ್ಳುತ್ತಿದ್ದರು. ಈಗ ಆ ದಾರಿ ಮುಚ್ಚಿತು. ತನಗೆ ಹುಚ್ಚಿಲ್ಲ, ಪರೀಕ್ಷೆ ಮಾಡಿ ಎಂದು ಎಷ್ಟು ನೆಟ್ಟಗೆ ಕೇಳಿದರೂ ಅದೂ ಹುಚ್ಚಿನ ಲಕ್ಷಣವಾಯಿತು! ಇಂಗ್ಲಿಷ್ ಬಾರದ ವಲಸಿಗ ಹೆಂಗಸರಿಗಂತೂ ಹೇಳಿಕೊಳ್ಳಲು ನಾಲಿಗೆಯೇ ಇರಲಿಲ್ಲ.

ತಣ್ಣೀರಿನ ಸ್ನಾನ, ಬೆಳಗಿನಿಂದ ರಾತ್ರಿಯವರೆಗೆ ಮಾತಾಡದೆ ಅಲುಗಾಡದೆ ಬೆಂಚಿನ ಮೇಲೆ ಕೂರುವ ಶಿಕ್ಷೆ, ಕಮಟು ಬೆಣ್ಣೆ, ಉಪ್ಪಿಲ್ಲದ ಊಟ. ನೋಟ್‌ಬುಕ್ಕು ಪೆನ್ಸಿಲ್ಲು ಕೇಳಿದರೆ ಕೊಡಲಿಲ್ಲ, ಎಲ್ಲವೂ ನೆನಪಿನಲ್ಲೇ. ಹತ್ತು ದಿನದ ಮೇಲೆ ಪತ್ರಿಕೆಯ ವಕೀಲ ಬಂದು ಬಿಡಿಸಿದ. ಅಕ್ಟೋಬರಿನಲ್ಲಿ ವರದಿ ಬಂತು, ಅದೇ ವರ್ಷ ಪುಸ್ತಕವೂ ಆಯಿತು.

ಇಂಥ ವರದಿಗೆ ಒಂದು ತೊಡಕಿದೆ: ಅಚ್ಚಾದ ಕೂಡಲೇ ಸಾಕ್ಷ್ಯ ಅಳಿಯತೊಡಗುತ್ತದೆ. ಗ್ರ್ಯಾಂಡ್ ಜ್ಯೂರಿಯವರು, ಅಂದರೆ ಆರೋಪಗಳನ್ನು ವಿಚಾರಿಸುವ ನಾಗರಿಕರ ಮಂಡಳಿಯವರು, ಆಕೆಯನ್ನು ಕರೆದುಕೊಂಡು ದ್ವೀಪಕ್ಕೆ ಹೋಗುವಷ್ಟರಲ್ಲಿ ಆಕೆ ಹೆಸರಿಸಿದ್ದ ಹೆಂಗಸರಲ್ಲಿ ಹಲವರು ಅಲ್ಲಿರಲಿಲ್ಲ. ಅಡುಗೆಮನೆ ಥಳಥಳ ಹೊಳೆಯುತ್ತಿತ್ತು, ಬ್ರೆಡ್ಡು ಬೆಳ್ಳಗಿತ್ತು. ತೆರೆದ ಬಾಗಿಲ ಬಳಿಯೇ, ಎಲ್ಲರ ಕಣ್ಣಿಗೂ ಬೀಳುವಂತೆ, ಎರಡು ಪೀಪಾಯಿ ಉಪ್ಪು!

ಜ್ಯೂರಿಯವರು ಉಪ್ಪನ್ನು ನೋಡಿದರು, ವರದಿಯನ್ನು ನಂಬಿದರು.