ಮಾತು ಬಂತು, ಕಥೆ ಬರಲಿಲ್ಲ

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆ ಒಂದು ಮಾತನ್ನು ಆಗಾಗ ಹೇಳುತ್ತಿದ್ದರು. "ನಿನ್ನ ಕಷ್ಟ ನಿನ್ನ ಹತ್ರಾನೇ ಇರಲಿ. ಯಾರ ಮುಂದೂ ಹೇಳ್ಕೋಬೇಡ." ಬೈದು ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಚಿಕ್ಕಂದಿನಿಂದ ಕೇಳಿ ಕೇಳಿ, ಇದು ನನ್ನದೇ ಸ್ವಭಾವ ಅಂದುಕೊಂಡುಬಿಟ್ಟಿದ್ದೆ.

ನನಗೆ 38 ವರ್ಷವಾದಾಗ ಅವರು ಆಸ್ಪತ್ರೆ ಸೇರಿದರು. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಡಾಕ್ಟರು ಬಂದು, ಇನ್ನು ಹೇಳೋಕಾಗಲ್ಲ ಅಂದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿದ್ದ ಹೆಸರುಗಳನ್ನು ಸರಿಸುತ್ತಿದ್ದೆ. ಒಂದು ಹೆಸರಿನ ಮೇಲೆ ಬೆರಳು ನಿಲ್ಲುತ್ತಿತ್ತು. ಬೇಡ ಅನ್ನಿಸಿ ಮುಂದಕ್ಕೆ ಹೋಗುತ್ತಿತ್ತು. ನೂರಾರು ಹೆಸರುಗಳಿದ್ದವು. ಬೆಳಕು ಹರಿಯುವವರೆಗೆ ಒಬ್ಬರಿಗೂ ಫೋನ್ ಮಾಡಲಿಲ್ಲ. ಮಾಡಿದ್ದರೆ ಎದ್ದು ಬರುವವರು ನಾಲ್ಕೈದು ಜನರಾದರೂ ಇದ್ದರು, ಅದು ನನಗೆ ಗೊತ್ತಿತ್ತು.

ಅಪ್ಪ ಹೋಗಿ ಒಂದು ವರ್ಷವಾದ ಮೇಲೆ ಅಮ್ಮನನ್ನು ಕೇಳಿದೆ. ಅಪ್ಪ ಯಾಕಮ್ಮ ಯಾವಾಗಲೂ ಹಾಗೆ ಹೇಳ್ತಿದ್ರು? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು. ಮದುವೆಗೆ ಮುಂಚೆ ಅಪ್ಪ ಒಮ್ಮೆ ಕೆಲಸ ಕಳೆದುಕೊಂಡಿದ್ದರಂತೆ. ಮನೆಯಲ್ಲಿ ಹೇಳೋಕೆ ಧೈರ್ಯ ಸಾಲದೆ ಜೀವದ ಗೆಳೆಯನೊಬ್ಬನ ಹತ್ತಿರ ಹೇಳಿಕೊಂಡರಂತೆ. ವಾರ ಕಳೆಯುವುದರೊಳಗೆ ಅದು ಎಲ್ಲರ ಬಾಯಲ್ಲೂ ಇತ್ತು. ತಾತನಿಗೆ ವಿಷಯ ಗೊತ್ತಾಗಿದ್ದು ದಾರಿಯಲ್ಲಿ ಸಿಕ್ಕ ಯಾರೋ ಹೇಳಿ.

ಆಗ ನನಗೆ ಅರ್ಥವಾಯಿತು. ನಾನು ಜೀವನದ ನಿಯಮ ಅಂದುಕೊಂಡಿದ್ದು ಅಪ್ಪನಿಗೆ ಒಂದು ವಾರದಲ್ಲಿ ಆದ ಗಾಯ. ಮಾತು ನನ್ನ ಕೈಗೆ ಬಂದಿತ್ತು, ಅದರ ಹಿಂದಿನ ಕಥೆ ಬಂದಿರಲಿಲ್ಲ.

ಹಿರಿಯರಿಂದ ಬಂದ ತಿಳಿವಳಿಕೆ ಬಹಳ ಸಲ ಹೀಗೇ ಬರುತ್ತದೆ. ಯಾರೋ ಎಲ್ಲೋ ಪಟ್ಟ ಪಾಡು ನಾಲ್ಕು ಪದಗಳಿಗೆ ಇಳಿದು ನಮ್ಮನ್ನು ಮುಟ್ಟುತ್ತದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತೀವಿ. ಆದರೆ ಗಾದೆಗಳೇ ಒಂದಕ್ಕೊಂದು ಎದುರು ನಿಲ್ಲುತ್ತವೆ, ಗಮನಿಸಿದ್ದೀರಾ? ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತದೆ ಒಂದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತದೆ ಇನ್ನೊಂದು. ಎರಡೂ ನಿಜವೇ. ಇವತ್ತು, ಈ ಹೊತ್ತಿನಲ್ಲಿ, ನನಗೆ ಯಾವುದು ಅನ್ನುವುದನ್ನು ಮಾತ್ರ ಗಾದೆ ಹೇಳಿಕೊಡುವುದಿಲ್ಲ. ಆ ರಾತ್ರಿ ಬೆಂಚಿನ ಮೇಲೆ ನನಗೆ ಬೇಕಿದ್ದದ್ದು ಎರಡನೆಯದು.

ಹಾಗಂತ ಬಂದದ್ದನ್ನೆಲ್ಲ ಎಸೆದು ಹೊಸದಾಗಿ ಶುರು ಮಾಡೋಣ ಅಂದರೆ ಅದೂ ಆಗದ ಕೆಲಸ. ಎಲ್ಲವನ್ನೂ ಅನುಮಾನಿಸಿ ನೋಡುತ್ತೇನೆ ಅಂತ ಹೊರಟವರು ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್. 1637ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರೇ ಒಂದು ಮಾತು ಬರೆದಿದ್ದಾರೆ. ಮನೆ ಕೆಡವಿ ಕಟ್ಟುವವನಿಗೆ, ಹೊಸದು ಏಳುವವರೆಗೆ ಇರೋಕೆ ಇನ್ನೊಂದು ಮನೆ ಬೇಕು. ಅದಕ್ಕೇ ಅಲ್ಲಿಯವರೆಗೆ ತಮ್ಮ ದೇಶದ ಕಾನೂನು, ರೂಢಿ, ಹುಟ್ಟಿನಿಂದ ಬಂದ ಧರ್ಮ ಇವನ್ನು ಪಾಲಿಸಿಕೊಂಡು ಹೋಗುತ್ತೇನೆ ಅಂತ ತೀರ್ಮಾನ ಮಾಡಿದರು. ಅಂಥವರಿಗೂ ತಲೆಯ ಮೇಲೊಂದು ಹಳೆಯ ಸೂರು ಬೇಕಾಯಿತು. ನಾನು ಯಾರ ಮಾತೂ ಕೇಳಲ್ಲ ಅಂತ ಮಕ್ಕಳು ಕಿರುಚುವುದು ಕೂಡ ಅಮ್ಮ ಕಲಿಸಿದ ಪದಗಳಲ್ಲೇ ಅಲ್ವಾ?

ಈ ವಿಷಯದಲ್ಲಿ ನನ್ನನ್ನು ತುಂಬ ಕಾಡಿದ್ದು ಜಾನ್ ಸ್ಟುವರ್ಟ್ ಮಿಲ್ ಅವರ ಬದುಕು. ಇಂಗ್ಲೆಂಡಿನ ಈ ಚಿಂತಕನಿಗೆ ತಂದೆ ಜೇಮ್ಸ್ ಮಿಲ್ ಮೂರನೇ ವಯಸ್ಸಿಗೇ ಗ್ರೀಕ್ ಕಲಿಸೋಕೆ ಶುರು ಮಾಡಿದ್ದರು. ಸ್ಕೂಲಿಲ್ಲ, ಎಲ್ಲ ಪಾಠವೂ ಮನೆಯಲ್ಲಿ, ಅಪ್ಪನ ಮೇಜಿನ ಪಕ್ಕದಲ್ಲಿ. ಹೆಚ್ಚು ಜನರಿಗೆ ಹೆಚ್ಚು ಸುಖ ಸಿಗಬೇಕು, ಅದಕ್ಕಾಗಿ ಸಮಾಜವನ್ನು ತಿದ್ದಬೇಕು ಅನ್ನುವುದು ಅಪ್ಪನ ಮತ್ತು ಅಪ್ಪನ ಸ್ನೇಹಿತ ಬೆಂಥಮ್ ಅವರ ನಂಬಿಕೆ. ಮಗನೂ ಅದನ್ನೇ ಜೀವನದ ಗುರಿ ಅಂದುಕೊಂಡು ಬೆಳೆದ.

1826ರಲ್ಲಿ, 20ನೇ ವಯಸ್ಸಿನಲ್ಲಿ, ಅವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಂಡರು. ನೀನು ಬಯಸುವ ಬದಲಾವಣೆಗಳೆಲ್ಲ ಈ ಗಳಿಗೆಯಲ್ಲೇ ಆಗಿಬಿಟ್ಟರೆ ನಿನಗೆ ಸಂತೋಷವಾಗುತ್ತದಾ? ಒಳಗಿನಿಂದ ಬಂದ ಉತ್ತರ, ಇಲ್ಲ. ಅಲ್ಲಿಗೆ ಕಾಲ ಕೆಳಗಿನ ನೆಲವೇ ಕುಸಿಯಿತು. ತಿಂಗಳುಗಟ್ಟಲೆ ಏನೂ ಬೇಡವಾಯಿತು. ಕೆಲಸ ಮಾಡುತ್ತಿದ್ದರು, ಸುಮ್ನೆ ಅಭ್ಯಾಸಬಲದಿಂದ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅರ್ಥವಾಗದು ಅನ್ನಿಸಿತ್ತು. ಆಮೇಲೊಂದು ದಿನ ಒಬ್ಬರ ಆತ್ಮಕಥೆ ಓದುತ್ತಿದ್ದರು. ತಂದೆ ತೀರಿಕೊಂಡಾಗ ಪುಟ್ಟ ಹುಡುಗನೊಬ್ಬ, ಇನ್ನು ನಾನೇ ನಿಮಗೆಲ್ಲ ಆಸರೆ ಅಂತ ಮನೆಯವರಿಗೆ ಮಾತು ಕೊಡುವ ಭಾಗ. ಅದನ್ನು ಓದಿ ಮಿಲ್ ಅತ್ತರು. ನನ್ನೊಳಗೆ ಭಾವನೆ ಇನ್ನೂ ಸತ್ತಿಲ್ಲ ಅಂತ ಗೊತ್ತಾಗಿ ಹಗುರಾದರು. ಮುಂದೆ ವರ್ಡ್ಸ್‌ವರ್ತ್ ಕವಿತೆಗಳು ಅವರ ಕೈ ಹಿಡಿದವು.

ಮಿಲ್ ಮುಂದೆ ಮಾಡಿದ್ದನ್ನು ನೋಡಿ. ಅಪ್ಪನ ತತ್ವವನ್ನು ಅವರು ಬಿಸಾಡಲಿಲ್ಲ. ಸುಖವೇ ಗುರಿ ಅನ್ನುವುದನ್ನು ಇಟ್ಟುಕೊಂಡರು. ಆದರೆ ಸುಖವನ್ನೇ ನೇರವಾಗಿ ಅಟ್ಟಿಸಿಕೊಂಡು ಹೋದರೆ ಅದು ಸಿಗುವುದಿಲ್ಲ, ಬೇರೆ ಯಾವುದರಲ್ಲೋ ಮನಸ್ಸಿಟ್ಟವರಿಗೆ ದಾರಿಯಲ್ಲಿ ಸಿಗುತ್ತದೆ ಅಂತ ಸೇರಿಸಿದರು. ಬುದ್ಧಿಯ ಜೊತೆ ಭಾವನೆಯನ್ನೂ ಬೆಳೆಸಬೇಕು ಅಂದರು. ಇವು ಅಪ್ಪ ಕೊಟ್ಟದ್ದಲ್ಲ. ಆ ತಿಂಗಳುಗಳು ಕೊಟ್ಟದ್ದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನನಗೆ ಅನ್ನಿಸಿದ್ದೇ ಸರಿ ಅನ್ನುವುದು ಸ್ವಂತ ದೃಷ್ಟಿ ಆಗುವುದಿಲ್ಲ. ಕೇಸಪುತ್ತ ಅನ್ನುವ ಊರಿನ ಕಾಲಾಮ ಜನರಿಗೆ ಬುದ್ಧ ಹೇಳಿದ್ದನ್ನು ಎಲ್ಲರೂ ಅರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಪರಂಪರೆ ಅಂತ ನಂಬಬೇಡಿ, ಗ್ರಂಥದಲ್ಲಿದೆ ಅಂತ ನಂಬಬೇಡಿ, ಗುರು ಹೇಳಿದ ಅಂತ ನಂಬಬೇಡಿ. ಇಷ್ಟು ನಮಗೆ ಇಷ್ಟ. ಅದೇ ಪಟ್ಟಿಯಲ್ಲಿ ಇನ್ನೂ ಇದೆ. ತರ್ಕಕ್ಕೆ ಕೂಡಿಬಂತು ಅಂತಲೂ ನಂಬಬೇಡಿ, ನಿಮ್ಮ ಅಭಿಪ್ರಾಯಕ್ಕೆ ಹೊಂದಿತು ಅಂತಲೂ ನಂಬಬೇಡಿ. ನಡೆದು ನೋಡಿದಾಗ ಒಳ್ಳೆಯದಾಗುತ್ತದಾ, ಕೆಡುಕಾಗುತ್ತದಾ ಅಂತ ನೀವೇ ಕಂಡುಕೊಳ್ಳಿ. ಜೊತೆಗೆ ತಿಳಿದವರು ಅದನ್ನು ಒಪ್ಪುತ್ತಾರಾ ಅಂತಲೂ ನೋಡಿ. ನನಗೆ ಈ ಕೊನೆಯ ಮಾತು ಜಾಸ್ತಿ ಇಷ್ಟ. ನೀನೇ ಕಂಡುಕೋ ಅಂದವರೂ ತಿಳಿದವರನ್ನು ಬಾಗಿಲ ಹೊರಗೆ ನಿಲ್ಲಿಸಲಿಲ್ಲ.

ನಾನು ಅಪ್ಪನ ಮಾತನ್ನು ಹೀಗೆ ತಿದ್ದಿಕೊಂಡಿದ್ದೇನೆ: ಕಷ್ಟ ಹೇಳ್ಕೋ, ಆದರೆ ಆಳನ್ನು ನೋಡಿ ಹೇಳ್ಕೋ. ಮೊದಲರ್ಧ ಆ ಬೆಂಚಿನ ಮೇಲೆ ಸಿಕ್ಕಿದ್ದು. ಉಳಿದರ್ಧ ಈಗಲೂ ಅಪ್ಪನದೇ. ಇದು ಸುಲಭಕ್ಕೆ ಬರಲಿಲ್ಲ. ಮೊದಲ ಸಲ ಒಬ್ಬ ಗೆಳೆಯನಿಗೆ ಫೋನ್ ಮಾಡಿ, ಸ್ವಲ್ಪ ಮಾತಾಡಬೇಕಿತ್ತು ಅಂದಾಗ ಗಂಟಲು ಕಟ್ಟಿತ್ತು. ಅಪ್ಪನಿಗೆ ಎದುರು ಮಾತಾಡಿದ ಹಾಗೆ ಅನ್ನಿಸಿತ್ತು.

ಮಗಳಿಗೆ ಈಗ ಹನ್ನೆರಡು ವರ್ಷ. ಅವಳಿಗೆ ಏನಾದರೂ ಬುದ್ಧಿ ಹೇಳುವಾಗ ಅದು ನನಗೆ ಎಲ್ಲಿ ಸಿಕ್ಕಿತು ಅನ್ನುವುದನ್ನೂ ಹೇಳುತ್ತೇನೆ. ಸಿಕ್ಕ ಜಾಗ ನೆನಪಿಲ್ಲದಿದ್ದರೆ ಬುದ್ಧಿ ಹೇಳುವುದನ್ನೇ ಬಿಡುತ್ತೇನೆ. ಹೋದ ವಾರ ಅವಳಿಗೆ ಅಜ್ಜನ ಈ ಕಥೆ ಹೇಳಿದೆ. ಕೆಲಸ ಹೋಗಿದ್ದು, ಗೆಳೆಯನಿಗೆ ಹೇಳಿದ್ದು, ಆಸ್ಪತ್ರೆಯ ರಾತ್ರಿ, ಎಲ್ಲ. ಪೂರ್ತಿ ಕೇಳಿದಳು. ಆಮೇಲೆ, "ಆ ಫ್ರೆಂಡ್ ಅಜ್ಜನಿಗೆ ಮತ್ತೆ ಸಿಕ್ಕಿದ್ರಾ? ಸಾರಿ ಕೇಳಿದ್ರಾ?" ಅಂದಳು.

ಅದನ್ನು ನಾನು ಅಮ್ಮನ ಹತ್ತಿರ ಕೇಳಿರಲೇ ಇಲ್ಲ. ನಾಡಿದ್ದು ಊರಿಗೆ ಹೋಗುತ್ತಿದ್ದೇವೆ. ಅವಳೇ ಕೇಳುತ್ತಾಳಂತೆ.