ಹತ್ತು ಲಕ್ಷಕ್ಕೆ ಎಷ್ಟು?

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಹೂಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವವರಿಗೆ ಪಿಪಿಎಂ ಅನ್ನೋ ಮಾತು ಹೊಸದಲ್ಲ. ಹತ್ತು ಲಕ್ಷ ಪೀಸ್ ಕಳಿಸಿದರೆ ಅದರಲ್ಲಿ ಕೆಟ್ಟದ್ದು ಎಷ್ಟು ಅನ್ನೋ ಲೆಕ್ಕ ಅದು. ಕಾರಿಗೋ ಸ್ಕೂಟರಿಗೋ ಹೊಸ ಎಲೆಕ್ಟ್ರಾನಿಕ್ ಭಾಗ ಬರುವಾಗ ಕೊಳ್ಳುವವರು, ಮಾಡಿಕೊಡುವವರು ಎದುರುಬದುರು ಕೂತು ಈ ಸಂಖ್ಯೆಗೆ ಸಹಿ ಹಾಕುತ್ತಾರೆ. ಒಬ್ಬರು 10 ಅಂತಾರೆ, ಇನ್ನೊಬ್ಬರು 50 ಅಂತಾರೆ, ಕೊನೆಗೆ 25ಕ್ಕೆ ಒಪ್ಪಿಕೊಳ್ಳುತ್ತಾರೆ. ಆ 25 ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ. ಹೊಸ ಭಾಗವಾದರೆ ಅದನ್ನು ಕೇಳಲೇಬೇಕು.

ಮೊದಲು ಲೆಕ್ಕ ನೋಡೋಣ. 100 ಪಿಪಿಎಂ ಅಂದರೆ ಹತ್ತು ಸಾವಿರಕ್ಕೆ ಒಂದು ಕೆಟ್ಟದ್ದು. ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಆದರೆ ಒಂದು ಕಾರಿನಲ್ಲಿ ಸಾವಿರ ಚಿಪ್ ಇದೆ ಅಂತ ಇಟ್ಟುಕೊಳ್ಳಿ. ಒಂದೊಂದೂ 100 ಪಿಪಿಎಂ ಆದರೆ, ಹೆಚ್ಚುಕಮ್ಮಿ ಹತ್ತು ಕಾರಿಗೆ ಒಂದರಲ್ಲಿ ಕೆಟ್ಟ ಚಿಪ್ ಕೂತಿರುತ್ತದೆ. 1 ಪಿಪಿಎಂಗೆ ಇಳಿಸಿದರೂ ಸಾವಿರ ಕಾರಿಗೆ ಒಂದು. ವಾಹನ ಕಂಪನಿಗಳು ಸೊನ್ನೆ ಸೊನ್ನೆ ಅಂತ ಪಟ್ಟು ಹಿಡಿಯುವುದು ಸುಮ್ನೆ ಅಲ್ಲ.

ಸರಿ, ಹೊಸ ಚಿಪ್ ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ, ಇನ್ನೇನು ಅಂತ ಕೇಳಬಹುದು. ವಾಹನದ ಚಿಪ್‌ಗಳಿಗೆ ಏಇಸಿ-ಕ್ಯೂ100 ಅನ್ನೋ ಪರೀಕ್ಷಾ ಕ್ರಮ ಇದೆ. ಅದರ ಒಂದು ಮುಖ್ಯ ಪರೀಕ್ಷೆಯಲ್ಲಿ ಮೂರು ಲಾಟ್‌ನಿಂದ 77ರಂತೆ 231 ಚಿಪ್ ತೆಗೆದು, ಜೋರು ಬಿಸಿಯಲ್ಲಿ 1000 ಗಂಟೆ ಓಡಿಸುತ್ತಾರೆ. ಒಂದೂ ಕೆಡಬಾರದು. ಒಂದೂ ಕೆಡಲಿಲ್ಲ ಅಂದಾಗ ಗೊತ್ತಾಗುವುದು ಇಷ್ಟೇ: ಕೆಡುವಂಥವು ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ 90 ಪರ್ಸೆಂಟ್ ಧೈರ್ಯದಿಂದ ಹೇಳಬಹುದು. ನೂರಕ್ಕೆ ಒಂದು ಅಂದರೆ 10,000 ಪಿಪಿಎಂ! ಇದೇ ದಾರಿಯಲ್ಲಿ 1 ಪಿಪಿಎಂ ಅಂತ ತೋರಿಸಬೇಕಾದರೆ ಸುಮಾರು 23 ಲಕ್ಷ ಚಿಪ್ ಪರೀಕ್ಷೆ ಮಾಡಬೇಕು, ಒಂದೂ ಕೆಡಬಾರದು. ಯಾರ ಕೈಲಾಗುತ್ತದೆ?

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವೆ. ಒಂದೇ ಪಾತ್ರೆ, ಒಂದೇ ಉರಿ, ಹಾಗಾಗಿ ಅಲ್ಲಿ ಅದು ನಡೆಯುತ್ತದೆ. ಲಕ್ಷದಲ್ಲಿ ಎಲ್ಲೋ ಒಂದು ಅಡಗಿ ಕೂತಿರುವ ದೋಷಕ್ಕೆ ಆ ಉಪಾಯ ನಡೆಯುವುದಿಲ್ಲ.

ಅಂಥ ಒಂದು ದೋಷವನ್ನು ಹತ್ತಿರದಿಂದ ನೋಡೋಣ. ಕಾರ್ಖಾನೆಯಲ್ಲಿ ನಾಲ್ಕಾರು ಸರ್ಕ್ಯೂಟ್ ಬೋರ್ಡ್‌ಗಳು ಒಂದಕ್ಕೊಂದು ಸೇರಿಕೊಂಡು ಒಂದೇ ಹಲಗೆ, ಅಂದರೆ ಪ್ಯಾನೆಲ್, ಆಗಿರುವಾಗಲೇ ಅವುಗಳ ಮೇಲೆ ಬಿಡಿಭಾಗಗಳು ಸೋಲ್ಡರ್ ಆಗುತ್ತವೆ. ಆಮೇಲೆ ಅವನ್ನು ಬಿಡಿಸಬೇಕು. ಅವಸರದಲ್ಲಿ ಕೈಯಲ್ಲೇ ಲಟಕ್ಕನೆ ಮುರಿದರೆ ಬೋರ್ಡ್ ಒಂದು ಕ್ಷಣ ಬಾಗುತ್ತದೆ. ಅಂಚಿನ ಹತ್ತಿರ ಒಂದೆರಡು ಮಿಲಿಮೀಟರ್ ಉದ್ದದ ಸೆರಾಮಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಬಿಡಿಭಾಗ, ಕೂತಿರುತ್ತದೆ. ಸೆರಾಮಿಕ್ ಬಾಗುವುದಿಲ್ಲ, ಒಳಗೆ ಬಿರುಕು ಬಿಡುತ್ತದೆ. ಆ ಬಿರುಕು ಎಷ್ಟೋ ಸಲ ಹೊರಗೆ ಕಾಣುವುದಿಲ್ಲ. ಕ್ಯಾಮೆರಾ ಓಕೆ ಅನ್ನುತ್ತದೆ, ಕೊನೆಯ ಟೆಸ್ಟ್ ಓಕೆ ಅನ್ನುತ್ತದೆ, ಡಬ್ಬ ಸೀಲ್ ಆಗುತ್ತದೆ. ಗಾಡಿ ಮಳವಳ್ಳಿ ಕಡೆಯ ಗುಂಡಿಗಳಲ್ಲಿ ಕುಲುಕಿ, ಎರಡು ಮಳೆಗಾಲ ಕಂಡ ಮೇಲೆ ಬಿರುಕಿನೊಳಗೆ ತೇವ ಇಳಿಯುತ್ತದೆ. ಒಂದು ದಿನ ಶಾರ್ಟ್. ಅಷ್ಟು ಹೊತ್ತಿಗೆ ಅದೇ ರೀತಿ ಮುರಿದ ಬೋರ್ಡ್‌ಗಳು ಎಷ್ಟು ಗಾಡಿಗೆ ಹೋಗಿವೆಯೋ!

ಇದಕ್ಕೆ ಮದ್ದು ಇದೆ. ಮುರಿಯುವ ಬದಲು ತಿರುಗುವ ಬ್ಲೇಡಿನಿಂದ ಕತ್ತರಿಸುವ ರೂಟರ್ ಮೆಷಿನ್‌ನಲ್ಲಿ ಕತ್ತರಿಸಬೇಕು. ಡಿಸೈನ್ ಮಾಡುವಾಗಲೇ ಕೆಪಾಸಿಟರ್ ಅನ್ನು ಅಂಚಿನಿಂದ ದೂರ ಇಡಬೇಕು. ಪಿಪಿಎಂ 50 ಇದ್ದದ್ದನ್ನು 10 ಅಂತ ತಿದ್ದಿ ಬರೆದರೆ ಈ ಬಿರುಕು ಮುಚ್ಚುವುದಿಲ್ಲ.

ಹಾಗಾದರೆ ಸಂಖ್ಯೆ ಬೇಡವಾ? ಬೇಕು. ಆದರೆ ಎಲ್ಲ ಭಾಗಕ್ಕೂ ಒಂದೇ ಸಂಖ್ಯೆ ಬೇಡ. ಡಿಕ್ಕಿಯ ದೀಪ ಹತ್ತದಿರುವುದು ಬೇರೆ, ಸ್ಟೀರಿಂಗ್ ಮೋಟಾರ್ ನಿಲ್ಲುವುದು ಬೇರೆ. ಐಎಸ್‌ಒ 26262 ಅನ್ನೋ ವಾಹನ ಸುರಕ್ಷತೆಯ ಮಾನದಂಡ ಜೀವಕ್ಕೆ ಅಪಾಯ ಇರುವ ಕಡೆ ಗಂಟೆಯ ಲೆಕ್ಕ ಹಿಡಿಯುತ್ತದೆ. ಅತಿ ಕಟ್ಟುನಿಟ್ಟಾದ ದರ್ಜೆಯಲ್ಲಿ, ಅಪಾಯಕ್ಕೆ ದಾರಿ ಮಾಡುವ ಹಾರ್ಡ್‌ವೇರ್ ವೈಫಲ್ಯ 100 ಕೋಟಿ ಗಂಟೆಗೆ 10ಕ್ಕಿಂತ ಕಡಿಮೆ ಇರಬೇಕು. ಹೊಚ್ಚ ಹೊಸ ಪೀಸ್‌ನಲ್ಲಿ ಸಿಗುವ ದೋಷದ ಲೆಕ್ಕವನ್ನೂ ಇದನ್ನೂ ಒಂದೇ ಹಾಳೆಯಲ್ಲಿ ಕಲಸಬಾರದು. ಲೈನ್‌ನಲ್ಲಿ ಸಿಕ್ಕಿದ್ದು, ಗಿರಾಕಿಯ ಗಾಡಿಯಿಂದ ವಾಪಸ್ ಬಂದದ್ದು, ಎರಡನ್ನೂ ಬೇರೆ ಬೇರೆ ಬರೆಯಬೇಕು.

ಇನ್ನೊಂದು ಮಾತು, ನನಗೆ ಬಹಳ ಮುಖ್ಯ ಅನಿಸುವುದು. ಮೊದಲ ದಿನದಿಂದಲೇ ಸಂಖ್ಯೆ ಮೀರಿದರೆ ದಂಡ ಅಂತ ಇಟ್ಟರೆ ಸಣ್ಣ ಘಟಕದವರು ಹೆದರುತ್ತಾರೆ. ಕೆಟ್ಟ ಬೋರ್ಡ್ ರಿಪೇರಿ ಟೇಬಲ್‌ಗೆ ಸದ್ದಿಲ್ಲದೆ ಹೋಗುತ್ತದೆ, ರಿಜಿಸ್ಟರ್‌ಗೆ ಏರುವುದಿಲ್ಲ. ಕಲಿಯಬೇಕಾದ ಕಾಲದಲ್ಲೇ ಕಲಿಯುವ ದಾರಿ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲ ಕೆಲವು ತಿಂಗಳು ಒಂದೊಂದು ಪೀಸನ್ನೂ ಹೆಚ್ಚುವರಿಯಾಗಿ ಪರೀಕ್ಷಿಸಿ. ಆ ಖರ್ಚನ್ನು ಇಬ್ಬರೂ ಹಂಚಿಕೊಳ್ಳಿ. ಆ ಅವಧಿಯಲ್ಲಿ ಸಿಕ್ಕ ದೋಷಕ್ಕೆ ದಂಡ ಬೇಡ, ಮುಚ್ಚಿಟ್ಟ ದೋಷಕ್ಕೆ ಮಾತ್ರ ಇರಲಿ. ಕಾರಣ ಗೊತ್ತಾಗಿ, ಸರಿಪಡಿಸಿ, ಅದೇ ದೋಷ ಮತ್ತೆ ಬರಲಿಲ್ಲ ಅಂತ ಖಾತ್ರಿಯಾದ ಮೇಲೆ ಪಿಪಿಎಂ ಸಂಖ್ಯೆಗೆ ಸಹಿ ಹಾಕಿ. ವಾಪಸ್ ಬಂದ ಪೀಸನ್ನು ಯಾರು ಬಿಚ್ಚಿ ನೋಡಬೇಕು, ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.

ನಮಸ್ಕಾರ.