ನಾಣ್ಯ, ಶ್ಲೋಕ, ವರ್ಣತಂತು: ಡಿ.ಡಿ. ಕೊಸಾಂಬಿಯವರ ಸಂಶೋಧನೆಯ ಹಾದಿ

ಮಾನ್ಯ ಅಧ್ಯಕ್ಷರೆ, ಅಧ್ಯಾಪಕ ಮಿತ್ರರೆ, ಸಂಶೋಧನಾ ವಿದ್ಯಾರ್ಥಿಗಳೆ,

ಬೇರೆ ಬೇರೆ ವಿಭಾಗಗಳ ಸಂಶೋಧಕರು ಹೀಗೆ ಒಂದೇ ಸಭಾಂಗಣದಲ್ಲಿ ಕುಳಿತುಕೊಳ್ಳುವ ಸಂದರ್ಭಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಪರೂಪ. ಆದ್ದರಿಂದ ನನ್ನ ಪಾಲಿಗೆ ಬಂದ ಸಮಯವನ್ನು ಒಬ್ಬರೇ ವಿಜ್ಞಾನಿಯ ಕೆಲಸವನ್ನು ವಿವರಿಸಲು ಬಳಸಿಕೊಳ್ಳುತ್ತೇನೆ. ದಾಮೋದರ ಧರ್ಮಾನಂದ ಕೊಸಾಂಬಿ ಎಂಬ ಹೆಸರು ಇಲ್ಲಿರುವ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅದೇ ಹೆಸರು ಸಸ್ಯತಳಿ ವಿಜ್ಞಾನದವರಿಗೂ ಪರಿಚಿತವೇ, ಆದರೆ ಅವರಲ್ಲಿ ಅನೇಕರಿಗೆ ಅದು ಗಣಕ ತಂತ್ರಾಂಶದ ಒಂದು ಆಯ್ಕೆಯಾಗಿ ಮಾತ್ರ ಗೊತ್ತು. ಇಬ್ಬರೂ ಹೇಳುತ್ತಿರುವ ಕೊಸಾಂಬಿ ಒಬ್ಬರೇ ಎಂದಾಗ ಎರಡೂ ಕಡೆಯವರು ಅಚ್ಚರಿಪಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಅವರು ಹುಟ್ಟಿದ್ದು 1907ರಲ್ಲಿ, ಗೋವೆಯಲ್ಲಿ. ತಂದೆ ಧರ್ಮಾನಂದ ಕೊಸಾಂಬಿ ಪಾಲಿ ಭಾಷೆಯ ಮತ್ತು ಬೌದ್ಧ ವಾಙ್ಮಯದ ದೊಡ್ಡ ವಿದ್ವಾಂಸರು. ಮಗ ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ 1929ರಲ್ಲಿ ಪದವಿ ಪಡೆದು, ಬನಾರಸ್ ಮತ್ತು ಅಲಿಗಢಗಳಲ್ಲಿ ಗಣಿತ ಕಲಿಸಿ, ಅನಂತರ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಸುಮಾರು ಹನ್ನೆರಡು ವರ್ಷ ಅಧ್ಯಾಪಕರಾಗಿದ್ದರು. 1945ರಿಂದ 1962ರವರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ತೀರಿಕೊಂಡದ್ದು 1966ರಲ್ಲಿ. ಐವತ್ತೊಂಬತ್ತೂ ತುಂಬದ ಆ ಆಯುಸ್ಸಿನಲ್ಲಿ ಜ್ಯಾಮಿತಿ, ಸಂಖ್ಯಾಶಾಸ್ತ್ರ, ತಳಿವಿಜ್ಞಾನ, ನಾಣ್ಯಶಾಸ್ತ್ರ, ಸಂಸ್ಕೃತ ಗ್ರಂಥಸಂಪಾದನೆ, ಪುರಾತತ್ವ, ಇತಿಹಾಸ ಇಷ್ಟರಲ್ಲಿ ಮೂಲ ಸಂಶೋಧನೆ ಮಾಡಿದರು.

ಇಂಥ ಪಟ್ಟಿಯನ್ನು ಓದಿದೊಡನೆ ನಾವು ‘ಬಹುಮುಖ ಪ್ರತಿಭೆ’ ಎಂದು ಹೇಳಿ ಕೈಮುಗಿದುಬಿಡುತ್ತೇವೆ. ಆ ಮಾತಿನಿಂದ ಸಂಶೋಧಕನಿಗೆ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ಪ್ರತಿಭೆಯೊಂದೇ ಕಾರಣವಾದರೆ ನಾವು ಕಲಿಯುವುದು ಏನೂ ಉಳಿಯುವುದಿಲ್ಲ. ನನ್ನ ವಾದ ಬೇರೆ. ಕೊಸಾಂಬಿಯವರು ಏಳು ಕಡೆ ಏಳು ಪ್ರಶ್ನೆಗಳನ್ನು ಬೆನ್ನಟ್ಟಿದವರಲ್ಲ. ಕೈಯಿಂದ ಕೈಗೆ, ತಲೆಮಾರಿನಿಂದ ತಲೆಮಾರಿಗೆ ದಾಟಿ ಬರುವ ವಸ್ತು ದಾಟುವಾಗ ಎಷ್ಟು ಬದಲಾಗುತ್ತದೆ, ಆ ಬದಲಾವಣೆಯನ್ನು ಅಳೆದು ನಾವು ಹಿಂದಕ್ಕೆ ಎಷ್ಟು ದೂರ ಹೋಗಬಹುದು ಎಂಬ ಒಂದೇ ಪ್ರಶ್ನೆ ಅವರ ಮೂರು ದೊಡ್ಡ ಕೆಲಸಗಳ ಹಿಂದೆ ಇದೆ. ಅವರು ಇದನ್ನು ಹೀಗೆಯೇ ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಅವರ ಕೆಲಸವನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಕಂಡದ್ದು ಇದು.

ಮೊದಲು ನಾಣ್ಯಗಳ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ನನಗೆ ಬಹಳ ಪ್ರಿಯವಾದ ಪ್ರಸಂಗ.

ನಮ್ಮ ದೇಶದ ಅತಿ ಹಳೆಯ ನಾಣ್ಯಗಳು ಮುದ್ರಾಂಕಿತ ನಾಣ್ಯಗಳು. ಬೆಳ್ಳಿಯ ತಗಡನ್ನು ಕತ್ತರಿಸಿ, ಮೂಲೆಗಳನ್ನು ತೆಗೆದು ತೂಕ ಸರಿಪಡಿಸಿ, ಒಂದು ಮುಖದಲ್ಲಿ ಸೂರ್ಯ, ಬೆಟ್ಟ, ಆನೆ ಮೊದಲಾದ ಗುರುತುಗಳನ್ನು ಒತ್ತುತ್ತಿದ್ದರು. ಕಾರ್ಷಾಪಣದ ತೂಕ ಮೂವತ್ತೆರಡು ಗುಲಗಂಜಿ, ಅಂದರೆ ಸುಮಾರು ಮೂರೂವರೆ ಗ್ರಾಂ. ಅದರ ಮೇಲೆ ರಾಜನ ಹೆಸರಿಲ್ಲ, ಊರಿನ ಹೆಸರಿಲ್ಲ, ವರ್ಷವಿಲ್ಲ; ಅಕ್ಷರವೇ ಇಲ್ಲ. 1924ರಲ್ಲಿ ತಕ್ಷಶಿಲೆಯ ಭಿರ್ ದಿಬ್ಬದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ನಾಣ್ಯಗಳ ಒಂದು ನಿಧಿ ಸಿಕ್ಕಿತು. ಅದರೊಳಗೆ ಅಲೆಕ್ಸಾಂಡರನ ಮತ್ತು ಅವನ ಮಲಸಹೋದರ ಫಿಲಿಪ್ ಅರಿಡಿಯಸನ ನಾಣ್ಯಗಳು ಟಂಕಸಾಲೆಯಿಂದ ಆಗತಾನೆ ಬಂದಷ್ಟು ಹೊಸದಾಗಿ ಇದ್ದುದರಿಂದ, ನಿಧಿಯನ್ನು ಹೂತದ್ದು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಂದು ಗೊತ್ತಾಯಿತು. ಆದರೆ ಆ ಸಾವಿರ ನಾಣ್ಯಗಳಲ್ಲಿ ಯಾವುದು ಮೊದಲಿನದು, ಯಾವುದು ಆಮೇಲಿನದು? ಗುರುತುಗಳನ್ನು ನೋಡಿ ಊಹೆ ಮಾಡುವುದೇ ಅದುವರೆಗಿನ ದಾರಿಯಾಗಿತ್ತು.

ಕೊಸಾಂಬಿಯವರು ಗುರುತನ್ನು ಬದಿಗಿಟ್ಟು ತೂಕವನ್ನು ಹಿಡಿದರು. ನಾಣ್ಯ ಚಲಾವಣೆಯಲ್ಲಿದ್ದಷ್ಟು ಕಾಲ ಸವೆಯುತ್ತದೆ ಎಂಬುದು ಯಾವ ಅಂಗಡಿಯವನಿಗೂ ಗೊತ್ತು. ಆದರೆ ಎಷ್ಟು ಸವೆಯುತ್ತದೆ, ಯಾವ ನಿಯಮದಂತೆ ಸವೆಯುತ್ತದೆ ಎಂಬುದನ್ನು ಪುರಾತನ ನಾಣ್ಯ ಹೇಳಲಾರದು. ಅದಕ್ಕಾಗಿ ಅವರು ತಮ್ಮ ಕಾಲದಲ್ಲಿ ಪೇಟೆಯಲ್ಲಿ ಓಡಾಡುತ್ತಿದ್ದ ನಾಣ್ಯಗಳನ್ನು ತಂದು, ಸಾವಿರಾರು ನಾಣ್ಯಗಳನ್ನು ಒಂದೊಂದಾಗಿ ತೂಗಿದರು. ಆ ನಾಣ್ಯಗಳ ಮೇಲೆ ವರ್ಷ ಅಚ್ಚಾಗಿರುತ್ತದೆ. ಆದ್ದರಿಂದ ಒಂದೊಂದು ವರ್ಷದ ನಾಣ್ಯಗಳನ್ನು ಒಂದೊಂದು ಗುಂಪು ಮಾಡಿ ಹೋಲಿಸಬಹುದಾಗಿತ್ತು. ಎರಡು ಸಂಗತಿಗಳು ಸ್ಪಷ್ಟವಾದವು. ಗುಂಪು ಹಳೆಯದಾದಷ್ಟೂ ಸರಾಸರಿ ತೂಕ ಕ್ರಮವಾಗಿ ಇಳಿಯುತ್ತದೆ. ಅದರ ಜೊತೆಗೆ, ನಾಣ್ಯ ನಾಣ್ಯಕ್ಕೂ ಇರುವ ತೂಕದ ಅಂತರ ಹೆಚ್ಚುತ್ತದೆ. ಒಂದು ನಾಣ್ಯ ಸಂತೆಯಿಂದ ಸಂತೆಗೆ ಅಲೆದಿರುತ್ತದೆ, ಅದರ ಜೊತೆಯಲ್ಲೇ ಹುಟ್ಟಿದ ಇನ್ನೊಂದು ಯಾರದೋ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಕಾಲ ಕಳೆದಂತೆ ಇವೆರಡರ ತೂಕ ದೂರವಾಗದೆ ಇರುವುದು ಸಾಧ್ಯವಿಲ್ಲ.

ಈ ನಿಯಮವನ್ನು ಕೈಯಲ್ಲಿ ಹಿಡಿದು ಅವರು ತಕ್ಷಶಿಲೆಗೆ ಹಿಂತಿರುಗಿದರು. ವರ್ಷದಿಂದ ತೂಕಕ್ಕೆ ಹೋದ ದಾರಿಯಲ್ಲೇ ಈಗ ತೂಕದಿಂದ ಕಾಲಕ್ಕೆ ನಡೆದರು. ಮುಂಬದಿಯ ಗುರುತುಗಳ ಆಧಾರದ ಮೇಲೆ ನಾಣ್ಯಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿಯನ್ನು ತೆಗೆದು, ಒಂದೇ ನಿಧಿಯೊಳಗೆ ಹಿಂದು ಮುಂದಿನ ಕ್ರಮವನ್ನು ನಿಲ್ಲಿಸಿದರು. ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಗುರುತುಗಳು ಇರುತ್ತವೆ, ಕೆಲವು ನಾಣ್ಯಗಳಲ್ಲಿ ಒಂದು, ಕೆಲವುಗಳಲ್ಲಿ ಹಲವು. ಹಿಂಬದಿಯ ಗುರುತುಗಳು ಹೆಚ್ಚಿದಷ್ಟೂ ನಾಣ್ಯದ ತೂಕ ಕಡಿಮೆ ಎಂಬುದು ಲೆಕ್ಕದಲ್ಲಿ ಎದ್ದು ಕಂಡಿತು. ಹಾಗಾದರೆ ಅವು ಟಂಕಸಾಲೆಯಲ್ಲಿ ಒಮ್ಮೆಗೇ ಒತ್ತಿದವಲ್ಲ; ಚಲಾವಣೆಯ ಕಾಲದಲ್ಲಿ ಆಗಾಗ ನಾಣ್ಯವನ್ನು ಪರೀಕ್ಷಿಸಿ ವರ್ತಕರು ಒತ್ತಿದ ಗುರುತುಗಳು ಎಂದು ಅವರು ತೀರ್ಮಾನಿಸಿದರು. ಅಕ್ಷರವಿಲ್ಲದ ಬೆಳ್ಳಿಯ ಚೂರಿನಿಂದ ಪ್ರಾಚೀನ ವ್ಯಾಪಾರದ ಒಂದು ಪದ್ಧತಿ ಹೊರಬಂದದ್ದು ಹೀಗೆ. ಯಾವ ಗುರುತು ಯಾವ ರಾಜನದು ಎಂದು ಅವರು ಮುಂದುವರಿದು ಹೇಳಿದ್ದನ್ನು ನಾಣ್ಯಶಾಸ್ತ್ರಜ್ಞರೆಲ್ಲರೂ ಒಪ್ಪಿಲ್ಲ. ಆದರೆ ನಿಧಿಯ ನಾಣ್ಯಗಳನ್ನು ತೂಗಿ, ಗುಂಪಾಗಿ ನೋಡಬೇಕು ಎಂಬ ಶಿಸ್ತನ್ನು ನಮ್ಮಲ್ಲಿ ನೆಲೆಗೊಳಿಸಿದವರು ಅವರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯವಿದೆ. ಸಂಖ್ಯಾಶಾಸ್ತ್ರವನ್ನು ಕಲಿಯುವುದಕ್ಕೆ ಒಂದು ಅಭ್ಯಾಸ ಬೇಕೆಂದು ಅವರು ನಾಣ್ಯಗಳ ಕಡೆ ತಿರುಗಿದ್ದು. ನಾಣ್ಯ ತೂಗಿದ ಮೇಲೆ ಅವನ್ನು ಹೊರಡಿಸಿದವರು ಯಾರು ಎಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಪುರಾಣಗಳ ರಾಜವಂಶಾವಳಿಗಳನ್ನು ನೋಡಬೇಕಾಯಿತು. ಅದನ್ನು ನಂಬಬಹುದೋ ಇಲ್ಲವೋ ತಿಳಿಯಲು ಸಂಸ್ಕೃತವನ್ನು ಗಟ್ಟಿಯಾಗಿ ಕಲಿಯಬೇಕಾಯಿತು. ಸಂಸ್ಕೃತಕ್ಕಾಗಿ ಹಿಡಿದ ಪಠ್ಯ ಭರ್ತೃಹರಿ. ಈ ಹಾದಿಯನ್ನು ಅವರೇ ಬರೆದುಕೊಂಡಿದ್ದಾರೆ. ಪ್ರತಿಯೊಂದು ಹೆಜ್ಜೆಯನ್ನೂ ಹಿಂದಿನ ಪ್ರಶ್ನೆಯೇ ಇಡಿಸಿತು.

ಭರ್ತೃಹರಿಯ ನೀತಿಶತಕದ ಶ್ಲೋಕಗಳನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ನೀತಿ, ಶೃಂಗಾರ, ವೈರಾಗ್ಯ ಎಂಬ ಅವನ ಮೂರು ಶತಕಗಳೆಂದರೆ ಮುನ್ನೂರು ಶ್ಲೋಕಗಳಿರಬೇಕು. ಆದರೆ ದೇಶದ ನಾನಾ ಭಾಗಗಳ ಹಸ್ತಪ್ರತಿಗಳನ್ನು ಒಟ್ಟುಗೂಡಿಸಿದಾಗ ಭರ್ತೃಹರಿಯ ಹೆಸರಿನಲ್ಲಿ ಎಂಟುನೂರೈವತ್ತಕ್ಕೂ ಹೆಚ್ಚು ಶ್ಲೋಕಗಳು ಸಿಗುತ್ತವೆ. ಕಥೆಯಿರುವ ಕಾವ್ಯದಲ್ಲಿ ಹೊರಗಿನ ಪದ್ಯ ಸೇರಿಸಿದರೆ ಕಥೆಯ ಓಟ ಕೆಟ್ಟು ಸಿಕ್ಕಿಬೀಳುತ್ತದೆ. ಬಿಡಿ ಸುಭಾಷಿತಗಳ ಸಂಗ್ರಹದಲ್ಲಿ ಆ ಭಯವಿಲ್ಲ; ಪ್ರತಿಮಾಡುವವನು ತನಗೆ ಇಷ್ಟವಾದ ಶ್ಲೋಕವನ್ನು ಅಂಚಿನಲ್ಲಿ ಬರೆದರೆ, ಮುಂದಿನವನು ಅದನ್ನು ಒಳಗೇ ಸೇರಿಸಿ ಬರೆಯುತ್ತಾನೆ. ಕೊಸಾಂಬಿಯವರು ಮುನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಪರಿಶೀಲಿಸಿ, ಅವನ್ನು ಪರಂಪರೆಗಳಾಗಿ ವಿಂಗಡಿಸಿ, 1948ರಲ್ಲಿ ತಮ್ಮ ಪರಿಷ್ಕರಣವನ್ನು ಪ್ರಕಟಿಸಿದರು. ಪರಂಪರೆಗಳೆಲ್ಲ ಸಾಮಾನ್ಯವಾಗಿ ಒಪ್ಪುವ ಶ್ಲೋಕಗಳು 200. ಕೆಲವು ಪರಂಪರೆಗಳಲ್ಲಿ ಮಾತ್ರ ನಿಲ್ಲುವವು 152. ಅಲ್ಲೊಂದು ಇಲ್ಲೊಂದು ಪ್ರತಿಯಲ್ಲಿ ಸಿಗುವವು 500.

ನಾಣ್ಯದಲ್ಲಿ ತೂಕ ಇಳಿಯುತ್ತದೆ, ಸುಭಾಷಿತ ಸಂಗ್ರಹದಲ್ಲಿ ತೂಕ ಏರುತ್ತದೆ. ಎರಡು ಕಡೆಯೂ ಕೆಲಸ ಒಂದೇ: ಬಿಡಿಯಾದ ಪ್ರತಿಯನ್ನು ನಂಬದೆ ಪ್ರತಿಗಳ ಸಮೂಹವನ್ನು ನೋಡುವುದು, ಭೇದಗಳನ್ನು ಎಣಿಸುವುದು, ಎಣಿಕೆಯಿಂದ ಹಿಂದಕ್ಕೆ ಹೋಗುವುದು. ಕನ್ನಡದ ಓಲೆಗರಿಗಳ ಪಾಠಾಂತರಗಳನ್ನು ಹಿಡಿದು ಕುಳಿತಿರುವ ಸಂಶೋಧಕರು ಇಲ್ಲಿದ್ದಾರೆ. ಕಾವ್ಯದ ರುಚಿಗೆ ಎಣಿಕೆ ಶತ್ರುವಲ್ಲ ಎಂದು ಅವರಲ್ಲಿ ಪ್ರೀತಿಯಿಂದ ಹೇಳಬಯಸುತ್ತೇನೆ. ಕೊಸಾಂಬಿಯವರು ಭರ್ತೃಹರಿಯ ಕಾವ್ಯದ ಬಗ್ಗೆ ಕಟುವಾದ, ಚರ್ಚೆಗೆ ಎಡೆಕೊಟ್ಟ ವಿಮರ್ಶೆಯನ್ನೂ ಬರೆದರು. ಎಣಿಸಿದ ಕೈಯೇ ಅದನ್ನೂ ಬರೆಯಿತು.

ಇನ್ನು ಮೂರನೆಯದು. ಒಂದೇ ವರ್ಣತಂತುವಿನ, ಅಂದರೆ ಕ್ರೋಮೋಸೋಮಿನ, ಮೇಲಿರುವ ಎರಡು ವಂಶವಾಹಿಗಳು (ಜೀನ್‌ಗಳು) ತಂದೆ ತಾಯಿಯರಿಂದ ಮಕ್ಕಳಿಗೆ ಸಾಮಾನ್ಯವಾಗಿ ಜೊತೆಯಾಗಿ ಹೋಗುತ್ತವೆ. ಆದರೆ ವರ್ಣತಂತುಗಳು ಪರಸ್ಪರ ತುಣುಕುಗಳನ್ನು ಬದಲಾಯಿಸಿಕೊಳ್ಳುವುದರಿಂದ ಕೆಲವೊಮ್ಮೆ ಜೊತೆ ಕಳಚುತ್ತದೆ. ವಂಶವಾಹಿಗಳು ದೂರವಿದ್ದಷ್ಟೂ ಕಳಚುವ ಸಂಭವ ಹೆಚ್ಚು. ಆದ್ದರಿಂದ ಎಷ್ಟು ಸಂತಾನಗಳಲ್ಲಿ ಜೊತೆ ಕಳಚಿದೆ ಎಂದು ಎಣಿಸಿ ದೂರವನ್ನು ಅಂದಾಜು ಮಾಡಬಹುದು. ಇಲ್ಲಿ ಒಂದು ತೊಡಕು ಇದೆ. ಎರಡು ವಂಶವಾಹಿಗಳ ನಡುವೆ ಎರಡು ಬಾರಿ ವಿನಿಮಯವಾದರೆ ಜೊತೆ ಮತ್ತೆ ಕೂಡಿಕೊಳ್ಳುತ್ತದೆ, ಎಣಿಸುವವನ ಕಣ್ಣಿಗೆ ಏನೂ ನಡೆದಂತೆ ಕಾಣುವುದಿಲ್ಲ. ಹಸ್ತಪ್ರತಿಯಲ್ಲಿ ಒಬ್ಬ ಲಿಪಿಕಾರ ಮಾಡಿದ ತಪ್ಪನ್ನು ಮುಂದಿನ ಲಿಪಿಕಾರ ತಿದ್ದಿಬಿಟ್ಟರೆ ಆ ತಪ್ಪು ನಮ್ಮ ಲೆಕ್ಕಕ್ಕೆ ಸಿಗದೆ ಹೋಗುವುದೂ ಇದೇ ಬಗೆಯ ಸಮಸ್ಯೆ.

ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1919ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟಿದ್ದರು. ಒಂದು ವಿನಿಮಯಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂಬುದು ಅದರ ಆಧಾರ. ಆದರೆ ನಿಜವಾದ ಜೀವಿಗಳಲ್ಲಿ ಒಂದು ಕಡೆ ವಿನಿಮಯವಾದರೆ ಹತ್ತಿರದಲ್ಲೇ ಇನ್ನೊಂದು ಆಗುವುದಕ್ಕೆ ಅಡ್ಡಿಯುಂಟಾಗುತ್ತದೆ. ದೂರ ಹೋದಂತೆ ಅಡ್ಡಿ ಸಡಿಲವಾಗುತ್ತದೆ. ಕೊಸಾಂಬಿಯವರು ಈ ಅಡ್ಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಸೂತ್ರವನ್ನು 1944ರಲ್ಲಿ ಪ್ರಕಟಿಸಿದರು. ನೂರು ಸಂತಾನಗಳಲ್ಲಿ ಹತ್ತರಲ್ಲಿ ಜೊತೆ ಕಳಚಿದ್ದರೆ ಹಾಲ್ಡೇನ್ ಸೂತ್ರದಂತೆ ದೂರ 11.2 ಸೆಂಟಿಮಾರ್ಗನ್ (ವಂಶವಾಹಿಗಳ ನಡುವಿನ ದೂರದ ಅಳತೆ), ಕೊಸಾಂಬಿ ಸೂತ್ರದಂತೆ 10.1. ಇದು ಸಣ್ಣ ವ್ಯತ್ಯಾಸವೆಂದು ತೋರಬಹುದು. ಮೂವತ್ತರಲ್ಲಿ ಕಳಚಿದ್ದರೆ ಮೊದಲನೆಯದು 45.8 ಎನ್ನುತ್ತದೆ, ಎರಡನೆಯದು 34.7 ಎನ್ನುತ್ತದೆ. ಇಂದು ಬೆಳೆಗಳ ವಂಶವಾಹಿ ನಕ್ಷೆ ಮಾಡುವವರು ಕೊಸಾಂಬಿ ಸೂತ್ರವನ್ನು ದಿನನಿತ್ಯ ಬಳಸುತ್ತಾರೆ. ಅದನ್ನು ಕೊಟ್ಟವರು ಜೀವವಿಜ್ಞಾನದ ಪ್ರಯೋಗಾಲಯದಲ್ಲಿದ್ದವರಲ್ಲ. ಪುಣೆಯ ಕಾಲೇಜಿನ ಗಣಿತದ ಅಧ್ಯಾಪಕರು, ಅದೇ ವರ್ಷಗಳಲ್ಲಿ ನಾಣ್ಯ ತೂಗುತ್ತಿದ್ದವರು, ಸುಭಾಷಿತಗಳ ಪಾಠಾಂತರ ಹುಡುಕುತ್ತಿದ್ದವರು.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ, ಸಮಯ ಹೆಚ್ಚು ಉಳಿದಿಲ್ಲ. ಪುಣೆಯ ಸುತ್ತಿನ ಬೆಟ್ಟಗಳಲ್ಲಿ ನಡೆದಾಡಿ ಅವರು ಸಂಗ್ರಹಿಸಿದ ಸೂಕ್ಷ್ಮ ಶಿಲಾಯುಧಗಳ ವಿಷಯವನ್ನೂ, 1956ರ ಇತಿಹಾಸ ಗ್ರಂಥದ ವಿಷಯವನ್ನೂ ಬಿಡಬೇಕಾಗಿದೆ. 1943ರ ಒಂದು ಪ್ರಬಂಧವನ್ನು ಮಾತ್ರ ಹೆಸರಿಸುತ್ತೇನೆ: ಯಾದೃಚ್ಛಿಕವಾಗಿ ಏರಿಳಿಯುವ ರೇಖೆಗಳನ್ನು ಕೆಲವೇ ಮೂಲ ರೂಪಗಳ ಮೊತ್ತವಾಗಿ ಬಿಡಿಸುವ ವಿಧಾನ ಅದರಲ್ಲಿದೆ. ಕಾರುನೆನ್ ಮತ್ತು ಲೊಯೆವ್ ಅವರ ಹೆಸರಿನಲ್ಲಿ ಎಂಜಿನಿಯರುಗಳು ಕಲಿಯುವ ಆ ವಿಧಾನಕ್ಕೆ ಕೊಸಾಂಬಿಯವರ ಹೆಸರನ್ನೂ ಸೇರಿಸುವವರು ಈಗ ಇದ್ದಾರೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಗಿಸಲಾರೆ. ಹೀಗೆ ಹಲವು ಕಡೆ ಕೈಹಾಕಿದರೆ ಆಳ ತಪ್ಪುತ್ತದೆ ಎನ್ನುವವರಿದ್ದಾರೆ. ಕೊಸಾಂಬಿಯವರು ಎಡವಿದ್ದು ನಿಜ. ಅವಿಭಾಜ್ಯ ಸಂಖ್ಯೆಗಳಿಗೆ ಸಂಬಂಧಿಸಿದ, ಗಣಿತದ ಪ್ರಸಿದ್ಧ ಸಮಸ್ಯೆಯಾದ ರೀಮಾನ್ ಊಹೆಯನ್ನು ಸಾಧಿಸಿದ್ದೇನೆಂದು 1959ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ನಿಲ್ಲಲಿಲ್ಲ. ಆದರೆ ಅವರು ಎಡವಿದ್ದು ಎಲ್ಲಿ? ಪರರ ಹೊಲದಲ್ಲಲ್ಲ, ತಮ್ಮ ಸ್ವಂತ ಶಾಸ್ತ್ರವಾದ ಗಣಿತದಲ್ಲಿ. ಆ ಪ್ರಬಂಧ ಅಚ್ಚಾದದ್ದು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ, ಅಂದರೆ ಆ ಸಮಸ್ಯೆಯನ್ನು ಬಲ್ಲವರ ಪರಿಶೀಲನೆಯ ಹೊರಗೆ. ಸಂಸ್ಕೃತದಲ್ಲಾದರೋ ಅವರಿಗೆ ವಿ.ಎಸ್. ಸುಖಠಣಕರರ ಮಾರ್ಗದರ್ಶನ ದೊರೆತಿತ್ತು. ಭಂಡಾರಕರ್ ಸಂಸ್ಥೆಯಲ್ಲಿ ಮಹಾಭಾರತದ ಪರಿಷ್ಕರಣದ ಹೊಣೆ ಹೊತ್ತಿದ್ದ ಸುಖಠಣಕರರೂ ಕೇಂಬ್ರಿಜ್‌ನಲ್ಲಿ ಮೊದಲು ಓದಿದ್ದು ಗಣಿತವನ್ನೇ. ಮುಂದೆ ವಿದ್ಯಾಕರನ ಸುಭಾಷಿತ ಸಂಗ್ರಹವನ್ನು 1957ರಲ್ಲಿ ಹೊರತಂದಾಗ ವಿ.ವಿ. ಗೋಖಲೆಯವರು ಜೊತೆಗಿದ್ದರು. ಅಪಾಯವಿರುವುದು ಬೇರೆ ಶಾಸ್ತ್ರಕ್ಕೆ ಹೋಗುವುದರಲ್ಲಲ್ಲ, ಬಲ್ಲವರಿಗೆ ತೋರಿಸದೆ ಇರುವುದರಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆದ್ದರಿಂದ ಇಲ್ಲಿರುವ ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇಷ್ಟೇ. ‘ಇದು ನಮ್ಮ ವಿಭಾಗದ ವಿಷಯವಲ್ಲ’ ಎಂದು ವಿದ್ಯಾರ್ಥಿಯ ಪ್ರಶ್ನೆಯನ್ನು ಹಿಂದಕ್ಕೆ ಕಳುಹಿಸಬೇಡಿ. ಆ ವಿಷಯ ಯಾವ ವಿಭಾಗದ್ದೋ ಅಲ್ಲಿಗೆ ಅವನನ್ನೋ ಅವಳನ್ನೋ ಕರೆದುಕೊಂಡು ಹೋಗಿ, ಅಲ್ಲಿಯವರ ಎದುರು ಕೂರಿಸಿ. ಪ್ರಬಂಧದ ಸಲಹಾ ಸಮಿತಿಯಲ್ಲಿ ಹೊರವಿಭಾಗದ ಒಬ್ಬರಿಗಾದರೂ ಜಾಗ ಕೊಡಿ. ಉಳಿದ ಕೆಲವು ನಿಮಿಷಗಳನ್ನು ಪ್ರಶ್ನೆಗಳಿಗೆ ಬಿಡುತ್ತೇನೆ. ಎರಡು ಸೂತ್ರಗಳ ವ್ಯತ್ಯಾಸವನ್ನು ನೋಡಬಯಸುವ ತಳಿವಿಜ್ಞಾನದ ವಿದ್ಯಾರ್ಥಿಗಳು ಸಭೆಯಾದ ಮೇಲೆ ಮುಂದೆ ಬಂದರೆ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸುತ್ತೇನೆ. ಇತಿಹಾಸದ ವಿದ್ಯಾರ್ಥಿಗಳೂ ದಯವಿಟ್ಟು ಬನ್ನಿ.